ಮೂವತ್ತೊಂದನೆಯ ಪುಟ

ಮಾರುವವರು ಆ ಹೊತ್ತು ಮನೆಯಲ್ಲಿರಬಾರದಂತೆ.
ಏಜೆಂಟ್ ಡಾರ್ಲೀನ್ ಹೇಳಿದಳು: ಮೂರು ಗಂಟೆ ಎಲ್ಲಾದರೂ ಹೋಗಿ ಬನ್ನಿ,
ನಾಯಿ ಇದ್ದರೆ ನಾಯಿಯೂ.
ಎಲ್ಲಿ ಹೋಗಲಿ? ಎದುರು ಸಾಲಿನಲ್ಲಿ
ಲುಂಡೀನರ ಗ್ಯಾರೇಜಿನ ಮರೆಗೆ ಕಾರು ನಿಲ್ಲಿಸಿ
ಕೂತೆ.
ಡುಲೂತಿನ ಏಪ್ರಿಲ್. ಸರೋವರದ ಮೇಲೆ ಇನ್ನೂ ಹಿಮದ ಹಲಗೆಗಳು,
ಕಾರಿನ ಗಾಜಿನ ಮೇಲೆ ನನ್ನದೂ ನಾಯಿಯದೂ ಉಸಿರು.

ಇನ್ಸ್‌ಪೆಕ್ಟರ್ ಅಂದರೆ ಮೀಸೆಯ ಗಂಡಸು ಅಂದುಕೊಂಡಿದ್ದೆ.
ಬಂದವಳು ಬ್ರಿಟಾ ಸ್ಕೋಗ್ಲಂಡ್, ಮೂವತ್ತು ದಾಟಿರಲಿಕ್ಕಿಲ್ಲ,
ಮೊಣಕಾಲಿಗೆ ಪ್ಯಾಡು, ಹಣೆಗೆ ದೀಪ, ಕಂಕುಳಲ್ಲಿ ಏಣಿ.
ಬೀದಿಯಿಂದ ನಮ್ಮ ಬಾಗಿಲಿಗೆ ಇಪ್ಪತ್ತೇಳು ಮೆಟ್ಟಿಲು
(ಅದಕ್ಕೇ ಮಾರುತ್ತಿರುವುದು, ನನ್ನ ಮಂಡಿ ಒಲ್ಲೆ ಅಂದಿದೆ).
ಅವಳು ಏಳನೆಯದರಲ್ಲಿ ನಿಂತಳು,
ಪಾದದಿಂದ ಒಮ್ಮೆ ಅಲ್ಲಾಡಿಸಿ
ಬರೆದುಕೊಂಡಳು.

ಆಮೇಲೆ ದೀಪ ಮಾತ್ರ ಕಂಡಿತು.
ಮಲಗುವ ಕೋಣೆ. ಬಚ್ಚಲು. ಇನ್ನೂ ಬಚ್ಚಲು.
ಬಚ್ಚಲಲ್ಲಿ ಇಷ್ಟು ಹೊತ್ತು ಏನಿದೆ?
ಅಟ್ಟದ ಕಿಂಡಿಯಲ್ಲಿ ಮಿಣುಕಿದಾಗ
ಕೂತಲ್ಲೇ ನಾನೂ ಅಟ್ಟ ಹತ್ತಿದೆ:
ಬಾವಲಿ ಸೇರಿಕೊಂಡ ವರ್ಷ, ಆರ್ವಿಡ್ ಟೆನಿಸ್ ಬ್ಯಾಟು ಹಿಡಿದು ಹೋಗಿ
ಒಂದಕ್ಕೂ ತಾಗಿಸಲಾರದೆ
ತಲೆಗೆ ಟವೆಲು ಸುತ್ತಿಕೊಂಡು ಇಳಿದು ಬಂದದ್ದು.
ವರದಿಯಲ್ಲಿ ಅದರ ಹೆಸರು 'ಹಳೆಯ ಹಿಕ್ಕೆ, ಒಣಗಿದೆ.'

ಕೊನೆಗೆ ನೆಲಮಾಳಿಗೆಯ ಪುಟ್ಟ ಕಿಟಕಿ ಬೆಳಗಿತು.
ನಾನು ರೇಡಿಯೋ ಆರಿಸಿದೆ.

ಹೇಳಿಬಿಡುತ್ತೇನೆ.
ಉತ್ತರದ ಗೋಡೆಯಲ್ಲಿ ಒಂದು ಬಿರುಕು, ಪೋಸ್ಟ್‌ಕಾರ್ಡ್ ತೂರುವಷ್ಟು.
ಹಿಮ ಕರಗುವ ವಾರ ಬೆವರುತ್ತದೆ, ಅಷ್ಟೇ.
ಒಮ್ಮೆ ಮಾತ್ರ ನೀರು ಎರಡನೆಯ ಮೆಟ್ಟಿಲಿಗೆ ಬಂದು
ಕ್ರಿಸ್‌ಮಸ್ ಪೆಟ್ಟಿಗೆಗಳು ನಕ್ಷತ್ರಗಳ ಸಮೇತ ತೇಲಿದವು.
ಫಾರಂ ಕೇಳಿತ್ತು: ನೀರು ನುಗ್ಗಿದ್ದು ನಿಮಗೆ ತಿಳಿದಿದೆಯೇ?
'ಕೇಳಿದ್ದಕ್ಕಷ್ಟೇ ಬರಿ' ಅಂದ ಆರ್ವಿಡ್.
ಕೇಳಿದ್ದೇ ಅದನ್ನಲ್ಲವೇ.
'ಇಲ್ಲ'ದ ಚೌಕದಲ್ಲಿ ಗುರುತು ಹಾಕಿದೆ,
ಬ್ಯಾಂಕಿನವರು ಬಿಟ್ಟಿ ಕೊಟ್ಟ ಪೆನ್ನಿನಿಂದ.
ಆ ರಾತ್ರಿ ಹನ್ನೊಂದಕ್ಕೆ
'ಮುಂಜಾವಿನ ಓಟ್ಸ್' ಎಂಬ ಹೆಸರಿನ ಎರಡು ಡಬ್ಬ ಬಣ್ಣ
ಮೂಲೆಯಿಂದ ಮೂಲೆಗೆ ಬಳಿದೆ, ಹಲ್ಲು ಕಚ್ಚಿ.

ಬ್ರಿಟಾ ಹೊರಗೆ ಬಂದಳು. ಉತ್ತರದ ಬದಿಗೇ ಹೋಗಿ
ಮಂಡಿಯೂರಿ, ಮಣ್ಣಿನ ಮೇಲೆ ಅಂಗೈ ಇಟ್ಟು ನೋಡಿದಳು,
ಹಿಟ್ಟು ಹದಕ್ಕೆ ಬಂತೇ ಎಂದು ನೋಡುವ ಹಾಗೆ.
ಎದ್ದು ಬೀದಿಯತ್ತ ತಿರುಗಿದಳು.
ಯಾರೂ ಏನೂ ಕೇಳಿರಲಿಲ್ಲ,
ಕುಂಬಳಕಾಯಿಯ ಸುದ್ದಿಯೇ ಇರಲಿಲ್ಲ,
ನಾನು ಹೆಗಲು ಮುಟ್ಟಿ ನೋಡಿಕೊಂಡೆ.
ನಾಯಿ ಬೊಗಳಿತು.

ವರದಿ ನಲವತ್ನಾಲ್ಕು ಪುಟ, ಬಣ್ಣದ ಫೋಟೋಗಳು.
ನನ್ನ ಮನೆಯನ್ನು ಇಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ:
ಚಿಮಣಿಯ ಹಲ್ಲು ಉದುರಿದೆ,
ಬಾಯ್ಲರಿಗೆ ಹದಿನೇಳು ವರ್ಷ,
ಅಡುಗೆಮನೆಯ ಪ್ಲಗ್ಗಿನಲ್ಲಿ ತಂತಿ ಅದಲುಬದಲು
(ಇಷ್ಟು ಕಾಲ ಟೋಸ್ಟರ್ ಯಾರಿಗೂ ಹೇಳಲಿಲ್ಲ).
ಬಿರುಕು? ಎಲ್ಲೂ ಇಲ್ಲ.
ಉಸಿರು ಬಿಟ್ಟು ಪುಟ ಮಗುಚಿದೆ.
ಮೂವತ್ತೊಂದರಲ್ಲಿ, ಫೋಟೋ ಇಲ್ಲದೆ, ಎರಡು ಸಾಲು:
ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ.
ಕಾರಣ ಕೇಳಿ.

'ಬಿರುಕಿದೆ' ಎಂದೇ ಬರೆದಿದ್ದರೆ ಸಲೀಸಿತ್ತು,
ಬೆಲೆ ಇಳಿಸಿ ಮುಗಿಸಬಹುದಿತ್ತು.
ಆರ್ವಿಡ್ ಅಂದ: ಉಳಿದ ಮೂರಕ್ಕೂ ಬಳಿದುಬಿಡೋಣ.
ತಮಾಷೆಗೋ ನಿಜಕ್ಕೋ,
ಮೂವತ್ತು ವರ್ಷವಾದರೂ ನನಗೆ ಗೊತ್ತಾಗುವುದಿಲ್ಲ.

ಡಾರ್ಲೀನಳಿಗೆ ಬರೆದೆ. ಅಳಿಸಿದೆ. ಬರೆದೆ:
ಯಾವ ವಾರ, ಎಷ್ಟು ಇಂಚು, ಯಾವ ಕಡೆಯಿಂದ,
ಬಕೆಟ್ ಎಲ್ಲಿಟ್ಟರೆ ಸರಿ,
ರಾತ್ರಿ ಎಷ್ಟು ಹೊತ್ತಿಗೆ ಎದ್ದು ಚೆಲ್ಲಬೇಕು.

ಎರಡು ದಿನ ಉತ್ತರವಿಲ್ಲ.
ಮೂರನೆಯ ದಿನ ಕೊಳ್ಳುವವಳು, ಪಾ ಕೂ ವಾಂಗ್,
ರಾತ್ರಿಪಾಳಿಯ ನರ್ಸು, ಹೇಳಿ ಕಳಿಸಿದಳು:
ನಾಲ್ಕು ಸಾವಿರ ಡಾಲರ್ ಕಡಿಮೆ ಮಾಡಿ.
ಮತ್ತೆ, ಆ ಬಕೆಟ್
ಬಿಟ್ಟು ಹೋಗುತ್ತೀರಾ?